ಕೊಸರು ಸೇರಿದ ಕಿಲೋ

ಅಳತೆಮನೆ, ನಡುಕುದ್ರು
ಒಂಬತ್ತುಕುದ್ರು ಗಣರಾಜ್ಯ
ಕುದ್ರುಶಕ ೧೧೮, ಆಟಿ ತಿಂಗಳ ಮೂವತ್ತಾರನೇ ದಿನ

ಹಿಂದಿನವರಿಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಆಟಿ ತಿಂಗಳು ಸೂರ್ಯನನ್ನೂ ಕೇಳುವುದಿಲ್ಲ, ಚಂದ್ರನನ್ನೂ ಕೇಳುವುದಿಲ್ಲ. ಕಡಲು ತಣ್ಣಗಾಗಿ ದೋಣಿ ಬಿಡಲು ಅಪ್ಪಣೆಯಾಗುವವರೆಗೆ ಅದು ಮುಗಿಯುವುದಿಲ್ಲ. ಈ ಸಲ ಮೂವತ್ತಾರು ದಿನಕ್ಕೆ ಬಂದು ನಿಂತಿದೆ, ನಾಳೆ ಮುಗಿಯುತ್ತದಂತೆ. ನಿಮ್ಮ ಇಸವಿಯ ಲೆಕ್ಕದಲ್ಲಿ ಇದು ಯಾವ ವರ್ಷವೆಂದು ಹೇಳಲು ನನಗೆ ಬಾರದು. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಮುದುಕರಾಗಿರುವ ಕಾಲ ಎಂದು ತಿಳಿದುಕೊಳ್ಳಿ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಪದಗಳು ಬಂದಾವು, ಗುರುತಿರುವ ಪದಗಳಿಗೆ ಬೇರೆ ಅರ್ಥ ಬಂದಿದ್ದೀತು. ಅದಕ್ಕೆ ಕ್ಷಮೆಯಿರಲಿ. ಉಳಿದದ್ದಕ್ಕೆ ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ಸರಕಾರಿ ನೌಕರಿಯಿಂದ ನಿವೃತ್ತರಾಗುವ ಪ್ರತಿಯೊಬ್ಬರೂ ಒಂದು ಹಿನ್ನೋಲೆ ಬರೆಯಬೇಕೆಂಬ ಕಟ್ಟಳೆ ಇದೆ. ಹಿನ್ನೋಲೆ ಎಂದರೆ ಹಿಂದಿನ ಕಾಲದವರಿಗೆ ಬರೆಯುವ ಕಾಗದ. ಗುಡ್ಡ ಬಿಟ್ಟು ಓಡದೆ ಇಲ್ಲೇ ಉಳಿದದ್ದಕ್ಕೆ ನಿಮಗೆ ನಾಲ್ಕು ಸಾಲಿನ ಕೃತಜ್ಞತೆ ಹೇಳಿ ಸಹಿ ಹಾಕಬೇಕು. ಆ ಕಾಗದವನ್ನು ಜಾಡಿಗೆ ತುಂಬಿ, ಅರಗು ಹಾಕಿ, ಬ್ಯಾಂಡು ಬಾರಿಸಿ ಕಡಲಿಗೆ ಬಿಡುತ್ತಾರೆ. ಮುಂದಿನವರಿಗೆ ಬರೆಯುವ ಕಾಗದವನ್ನು ಕಚೇರಿಯಲ್ಲಿ ಮೂವರು ಓದಿ ತಿದ್ದುತ್ತಾರೆ, ಹಿಂದಿನವರಿಗೆ ಬರೆಯುವುದನ್ನು ಒಬ್ಬನೂ ಓದುವುದಿಲ್ಲ. ಸತ್ತವರ ಮುಂದೆ ಸರಕಾರಕ್ಕೆ ನಾಚಿಕೆಯಿಲ್ಲ. ಹೀಗಾಗಿ ಇಪ್ಪತ್ತೆರಡು ವರ್ಷ ಬಾಯಿ ಕಟ್ಟಿಕೊಂಡಿದ್ದ ನನಗೆ ಮಾತಾಡಲು ಸಿಕ್ಕಿದ ಜಾಗ ಇದೊಂದೇ. ನನ್ನ ಮುದ್ರೆಯಿಂದ ಆರು ಜನ ಸತ್ತರು. ಏಳನೆಯವನೊಬ್ಬ ಆ ಸಾವುಗಳನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಬದುಕಿದ್ದಾನೆ. ನಾನು ಬರೆಯುತ್ತಿರುವುದು ಅವನ ವಿಷಯ.

ಮೊದಲು ನಮ್ಮ ಜಾಗ ಹೇಳುತ್ತೇನೆ. ಹೊಳೆಯ ನಡುವಿನ ದಿಬ್ಬಕ್ಕೆ ನೀವು ಕುದ್ರು ಎನ್ನುತ್ತಿದ್ದಿರಿ. ನಾವು ಕಡಲ ನಡುವೆ ಉಳಿದ ಗುಡ್ಡದ ತಲೆಗಳಿಗೆ ಆ ಹೆಸರು ಇಟ್ಟುಕೊಂಡಿದ್ದೇವೆ. ಅಂಥವು ಒಂಬತ್ತು, ಎಲ್ಲ ಸೇರಿ ನಲವತ್ತೊಂದು ಸಾವಿರ ಜನ. ಒಣಮೀನು, ಕಡಲಪಾಚಿಯ ಪುಡಿ, ಉಪ್ಪು, ಇಷ್ಟೇ ನಮ್ಮ ಹುಟ್ಟುವಳಿ. ಮೂಡಣ ದಿಕ್ಕಿನಲ್ಲಿ ಇನ್ನೂ ಮುಳುಗದೆ ಉಳಿದಿರುವ ನಾಡನ್ನು ದೊಡ್ಡನೆಲ ಎನ್ನುತ್ತೇವೆ. ನಮ್ಮ ಅಕ್ಕಿ, ಔಷಧಿ, ತಂತಿ, ಗಾಜು ಎಲ್ಲ ಬರುವುದು ಅಲ್ಲಿಂದ. ಕರೆಂಟಿನ ತಕ್ಕಡಿಗಳು ಇಲ್ಲಿನ ಉಪ್ಪುಗಾಳಿಗೆ ಎರಡು ವರ್ಷವೂ ಬಾಳದ ಕಾರಣ ನಾವು ಎರಡು ತಟ್ಟೆಯ ತಕ್ಕಡಿಗೆ, ಕಬ್ಬಿಣದ ಬಟ್ಟಿಗೆ ಮರಳಿದ್ದೇವೆ. ನಿಮ್ಮ ಅಜ್ಜಂದಿರ ಅಂಗಡಿಯಲ್ಲಿ ಇದ್ದಂಥದೇ ತೂಕದ ಬಟ್ಟು. ಮುಂದಿನ ಕಾಲದಲ್ಲಿ ಏನೇನೋ ಇರುತ್ತದೆಂದು ನೀವು ಎಣಿಸಿದ್ದಿರಬಹುದು. ಇರುವುದು ಇದು.

ಕುದ್ರುಶಕ ಎಂಬತ್ತೇಳರಲ್ಲಿ ದೊಡ್ಡನೆಲದ ಬಂದರು ನಮ್ಮ ಅರುವತ್ತು ಪೆಟ್ಟಿಗೆ ಒಣಮೀನನ್ನು ಹಿಂದಕ್ಕೆ ಕಳಿಸಿತು. ಮೀನು ಕೆಟ್ಟಿರಲಿಲ್ಲ. ನಿಮ್ಮ ಕಿಲೋ ಕಿಲೋ ಎಂಬುದಕ್ಕೆ ಏನು ಆಧಾರ, ನಿಮ್ಮ ಶೀತಲಪೆಟ್ಟಿಗೆಯ ತಾಪಮಾಪಕವನ್ನು ತಾಳೆ ನೋಡಿದವರು ಯಾರು ಎಂದು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ತಲೆಮಾರಿನಿಂದ ಒಬ್ಬರ ಬಟ್ಟನ್ನು ನೋಡಿ ಇನ್ನೊಬ್ಬರು ಎರಕ ಹೊಯ್ದುಕೊಂಡಿದ್ದರು, ಅಷ್ಟೇ. ಪೆಟ್ಟಿಗೆಗಳು ವಾಪಸು ಬಂದ ದಿನ ದೋಣಿ ನಿಲ್ಲುವ ದಕ್ಕೆಯಲ್ಲಿ ಹೆಂಗಸರು ಅತ್ತದ್ದನ್ನು ನೋಡಿ ಸರಕಾರ ಎಚ್ಚೆತ್ತಿತು. ಒಂದು ರಾಷ್ಟ್ರೀಯ ಅಳತೆಮನೆ ಆಗಬೇಕೆಂದು ತೀರ್ಮಾನವಾಯಿತು. ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ನನ್ನನ್ನು ದೊಡ್ಡನೆಲಕ್ಕೆ ತರಬೇತಿಗೆ ಕಳಿಸಿದರು.

ಒಂದು ವರ್ಷದ ನಂತರ ನಾನು ತಾಯಿತೂಕವನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಬಂದೆ. ತಾಯಿತೂಕ ಎಂದರೆ ಇಡೀ ದೇಶಕ್ಕೆ ಆಧಾರವಾದ ಒಂದು ಕಿಲೋ, ಬೆರಳು ಮುಟ್ಟಿದರೂ ಕೆಡುವಂಥ ಹೊಳೆಯುವ ಉಕ್ಕಿನ ಗುಂಡು. ಅದರಿಂದ ಮಗಳುತೂಕ, ಮಗಳಿಂದ ಮೊಮ್ಮಗಳುತೂಕ. ಪ್ರತಿಯೊಂದೂ ತನ್ನ ತಾಯಿಯ ಎದುರು ತೂಗಿಸಿಕೊಂಡು ಸರಿ ಎನಿಸಿಕೊಳ್ಳಬೇಕು. ಇದನ್ನು ನಾವು ಸರಪಳಿ ಎನ್ನುತ್ತೇವೆ. ಸಂತೆಯ ಬಟ್ಟಿನಿಂದ ತಾಯಿತೂಕದವರೆಗೆ ಎಲ್ಲೂ ಕೊಂಡಿ ಕಳಚಬಾರದು. ಪ್ರತಿ ಪ್ರಮಾಣಪತ್ರದ ಕೆಳಗೆ ಅನುಮಾನದಂಚು ಎಂಬ ಒಂದು ಸಾಲು ಇರುತ್ತದೆ. ಈ ಅಳತೆ ಇಷ್ಟರಮಟ್ಟಿಗೆ ತಪ್ಪಿರಬಹುದು ಎಂದು ನಾವೇ ಬರೆದು ಒಪ್ಪಿಕೊಳ್ಳುವ ಸಾಲು ಅದು. ಬೇರೆ ಯಾವ ಇಲಾಖೆಯೂ ಹಾಗೆ ಬರೆದುಕೊಡುವುದಿಲ್ಲ ಎಂದು ನನಗೆ ಆಗ ಬಹಳ ಹೆಮ್ಮೆ ಇತ್ತು.

ಮೊದಲ ವರ್ಷಗಳ ಕೆಲಸ ನೆನೆದರೆ ಇವತ್ತಿಗೂ ನನಗೆ ಪ್ರೀತಿ ಬರುತ್ತದೆ, ಬರಬಾರದಿತ್ತು. ಹಳೆಯ ಮಂಜುಗಡ್ಡೆ ಕಾರ್ಖಾನೆಯ ಒಂದು ಕೋಣೆಗೆ ತೆಂಗಿನ ನಾರು ತುಂಬಿದ ಎರಡು ಪದರದ ಗೋಡೆ ಕಟ್ಟಿಸಿ ಸಮಕೋಣೆ ಮಾಡಿಕೊಂಡೆವು. ಅದರೊಳಗೆ ಹಗಲಿಡೀ ಒಂದೇ ಸೆಕೆ, ಒಂದೇ ತೇವ ಇರಬೇಕು. ಒಬ್ಬರು ಹೆಚ್ಚಾಗಿ ಒಳಗೆ ಬಂದರೆ ಮೈಯ ಬಿಸಿಗೇ ತಕ್ಕಡಿಯ ಮುಳ್ಳು ಅಲ್ಲಾಡುತ್ತಿತ್ತು, ಹಾಗಾಗಿ ಮಂತ್ರಿಗಳನ್ನೂ ಹೊರಗೆ ನಿಲ್ಲಿಸುತ್ತಿದ್ದೆವು. ಆಸ್ಪತ್ರೆಯ ಜ್ವರಕಡ್ಡಿಗಳು, ರಕ್ತದೊತ್ತಡದ ಗಡಿಯಾರಗಳು, ಸೀಮೆಎಣ್ಣೆಯ ಅಳತೆಪಾತ್ರೆಗಳು, ದರ್ಜಿಗಳ ಟೇಪುಗಳು, ಒಂದೊಂದೇ ಬಂದವು. ದರ್ಜಿ ಟೇಪುಗಳಲ್ಲಿ ಅರ್ಧದಷ್ಟು ಎಳೆದು ಎಳೆದು ಉದ್ದವಾಗಿದ್ದವು. ನಡುಕುದ್ರುವಿನ ಗಂಡಸರೆಲ್ಲ ಇಷ್ಟು ವರ್ಷ ಬಿಗಿಯಿಲ್ಲದ ಅಂಗಿ ಹಾಕಿಕೊಂಡು ಆರಾಮಾಗಿದ್ದರು. ಟೇಪು ಸರಿಮಾಡಿದ ಮೇಲೆ ಎಲ್ಲರೂ ನಮ್ಮನ್ನು ಬೈದರು.

ಈಗ ಕೊಸರಿನ ವಿಷಯ. ಕೊಸರು ಏನೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಅದು ನಿಮ್ಮಿಂದಲೇ ಬಂದದ್ದು. ತೂಗಿಯಾದ ಮೇಲೆ ಕೈಯಿಂದ ಒಂದು ಹಿಡಿ ಹೆಚ್ಚಿಗೆ ಹಾಕುವುದು. ನಿಮ್ಮ ಕಾಲದಲ್ಲಿ ಅದು ಸೊಪ್ಪಿನವಳ ಹತ್ತಿರ ಕೇಳಿ ಪಡೆಯುವ ಸಣ್ಣ ಲಾಭವಾಗಿತ್ತಂತೆ. ನಮ್ಮಲ್ಲಿ ಅದು ಮರ್ಯಾದೆಯ ಪ್ರಶ್ನೆ. ಹಸಿವಿನ ವರ್ಷಗಳಲ್ಲಿ ಅಕ್ಕಿಯನ್ನು ಅಳೆದು ಹಂಚಿದ ನಾಡು ಇದು. ಮುಳ್ಳು ನೇರ ನಿಂತಕೂಡಲೇ ಕೈ ಹಿಂದೆಗೆದವನ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ನನ್ನನ್ನು ತರಬೇತು ಮಾಡಿದವರಿಗೆ ಇದು ಅರ್ಥವಾಗಲಿಲ್ಲ. ತೂಗಿದ ಮೇಲೆ ಕೈಯಿಂದ ಹಾಕಿದ್ದಕ್ಕೆ ಲೆಕ್ಕವೇ ಇಲ್ಲದಿರುವಾಗ ನಿಮ್ಮ ವ್ಯಾಪಾರವನ್ನು ನಾವು ನಂಬುವುದು ಹೇಗೆ ಎಂದರು. ನಾನೂ ಅವರ ಹಾಗೆಯೇ ಯೋಚಿಸಲು ಕಲಿತು ಬಂದಿದ್ದೆ. ತೂಕದ ನಂತರ ಕೈಯಿಂದ ಏನನ್ನೂ ಸೇರಿಸತಕ್ಕದ್ದಲ್ಲ ಎಂಬ ಕಲಮನ್ನು ಅಳತೆ ಕಾಯಿದೆಗೆ ಸೇರಿಸಿದವಳು ನಾನು. ಅದರ ಕರಡು ನನ್ನ ಅಕ್ಷರದಲ್ಲಿದೆ.

ಇದಕ್ಕೆ ಮೊದಲು ಸಿಡಿದವಳು ನನ್ನ ಅಕ್ಕ ಸುಂದರಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ನನಗಿಂತ ಹದಿನಾರು ವರ್ಷ ದೊಡ್ಡವಳು. ತೆಂಕುಕುದ್ರುವಿನ ಸಂತೆಕಟ್ಟೆಯಲ್ಲಿ ಒಣಮೀನು ಮಾರುತ್ತಿದ್ದಳು. ಮೀನಿಗೆ ಹಾಕುವ ಉಪ್ಪುನೀರಿನ ಹದವನ್ನು ಬೆರಳದ್ದಿ ನಾಲಗೆಯಿಂದಲೇ ಹೇಳುವವಳು, ಆ ವಿಷಯದಲ್ಲಿ ಇಡೀ ಕುದ್ರುವಿಗೆ ಅವಳ ಮಾತೇ ಕೊನೆಯದು. ಹೊಸ ಬಟ್ಟುಗಳನ್ನು ತೋರಿಸಲು ನಾನು ಸರಕಾರಿ ಕೋಟು ಹಾಕಿಕೊಂಡು ಅಲ್ಲಿಗೆ ಹೋದಾಗ ಅವಳು ಹತ್ತು ಜನರ ಎದುರಿಗೇ ಅವನ್ನು ನನ್ನ ಕಡೆ ದೂಡಿದಳು. “ನಿನ್ನ ಈ ಬೋಳು ತೂಕ ನೀನೇ ಇಟ್ಕೊ ಕಮಲ. ನಾನು ಮನುಷ್ಯರಿಗೆ ಮಾರುದು. ಕೈ ಕಟ್ಟಿ ಮಾರ್ಲಿಕ್ಕೆ ನನಗೆ ಬರುದಿಲ್ಲ,” ಎಂದಳು. ಜನ ಅವಳ ಕಡೆಯೇ ಇದ್ದರು. ನಾನು ತಲೆ ತಗ್ಗಿಸಿಕೊಂಡು ದೋಣಿ ಹತ್ತಿದೆ.

ನಮ್ಮ ಬಟ್ಟುಗಳನ್ನು ಎರಕ ಹೊಯ್ಯುತ್ತಿದ್ದವನು ನಡುಕುದ್ರುವಿನ ಲಾದ್ರು ಮೇಸ್ತ್ರಿ. ಬಟ್ಟಿನ ಅಡಿಯಲ್ಲಿ ಒಂದು ತೂತು ಬಿಟ್ಟು, ತೂಕ ಸರಿಹೋಗುವಷ್ಟು ಸೀಸ ಹುಯ್ದು, ಮೇಲೆ ಮುದ್ರೆ ಒತ್ತುವುದು ಕ್ರಮ. ಅಕ್ಕನ ಗಲಾಟೆಯ ನಂತರ ಬಂದ ಮೊದಲ ಕಂತನ್ನು ತಾಳೆ ನೋಡಿದರೆ ಪ್ರತಿ ಕಿಲೋಗೂ ಇಪ್ಪತ್ತು ಗ್ರಾಂ ಹೆಚ್ಚಿತ್ತು. ಒಂದು ಬಟ್ಟು ತಪ್ಪಿದರೆ ಕೈತಪ್ಪು, ನಲವತ್ತೂ ಒಂದೇ ಸಮ ತಪ್ಪಿದರೆ ಅದು ಕೈತಪ್ಪಲ್ಲ. ಕರೆಸಿ ಕೇಳಿದೆ. ಲಾದ್ರು ಮೇಸ್ತ್ರಿ ಮುಚ್ಚಿಡಲಿಲ್ಲ. “ನೀವು ಕೈಗೆ ಕಟ್ಟು ಹಾಕಿದ್ರಿ ಮಾರಾಯ್ರೆ. ಜನ ಎಂತ ಮಾಡುದು? ಅದಕ್ಕೆ ಕೊಸರು ಒಳಗೇ ಹಾಕಿದೆ. ತಕೊಳ್ಳುವವರಿಗೆ ಮೋಸ ಇಲ್ಲ, ಮಾರುವವರಿಗೆ ಬೇಜಾರಿಲ್ಲ,” ಎಂದ. ಆಗ ನಾನು ಆ ಸೀಸವನ್ನು ಕೆರೆಸಬೇಕಿತ್ತು. ಕೆರೆಸಲಿಲ್ಲ. ಎಷ್ಟಾದರೂ ಸಂತೆಯ ಬಟ್ಟು, ಹೆಚ್ಚಾದರೆ ಬಡವರಿಗೆ ಲಾಭ ಎಂದು ಸಮಾಧಾನ ಮಾಡಿಕೊಂಡು ನಲವತ್ತಕ್ಕೂ ಮುದ್ರೆ ಒತ್ತಿದೆ. ನಿಜ ಹೇಳಬೇಕೆಂದರೆ ಬಡವರ ನೆನಪು ನನಗೆ ಆಗ ಬರಲಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಆ ಹೊಸ ಬಟ್ಟುಗಳಲ್ಲಿ ಒಂದು ಅವಳ ಕೈಗೆ ಹೋದ ವಾರ ಅವಳು ದೋಣಿಯವರ ಕೈಯಲ್ಲಿ ಒಣಸೀಗಡಿ ಕಳಿಸಿದಳು, ಈಗ ನಿನ್ನ ಕಿಲೋಗೆ ಮರ್ಯಾದೆ ಬಂತು ಎಂದು ಹೇಳಿ ಕಳಿಸಿದಳು. ಆ ಸೀಗಡಿಯನ್ನು ನಾನು ಸಂತೋಷದಿಂದ ತಿಂದೆ.

ಇಪ್ಪತ್ತು ಗ್ರಾಮಿನಲ್ಲಿ ಮುಗಿದಿದ್ದರೆ ಯಾರೂ ಸಾಯುತ್ತಿರಲಿಲ್ಲ. ಆದರೆ ದೊಡ್ಡನೆಲದ ಮಾನ್ಯತೆ ಬೇಕಾದರೆ ಒಂಬತ್ತು ಕುದ್ರುಗಳಲ್ಲೂ ಮುದ್ರೆಯ ಬಟ್ಟು ಇರಬೇಕು, ಗಡುವು ಹತ್ತಿರ ಬರುತ್ತಿದೆ ಎಂದು ವ್ಯವಹಾರ ಮಂತ್ರಿ ವಿಠಲ ಸಾಲಿಯಾನ್ ದಿನಾ ಕೇಳತೊಡಗಿದರು. ಪ್ರತಿ ಬಟ್ಟನ್ನೂ ನಡುಕುದ್ರುವಿಗೆ ತಂದು ತಾಳೆ ನೋಡಲು ದೋಣಿಯೂ ಇರಲಿಲ್ಲ, ನನ್ನಲ್ಲಿ ಜನರೂ ಇರಲಿಲ್ಲ. ಆಯಾ ಕುದ್ರುವಿನ ಕಮ್ಮಾರನೇ ಪಕ್ಕದ ಕುದ್ರುವಿನ ಮುದ್ರೆಬಟ್ಟನ್ನು ನೋಡಿ ಹೊಯ್ಯಲಿ, ತೂಗಿ ನೋಡಲಿ ಎಂದು ಅಪ್ಪಣೆ ಕೊಟ್ಟು ಮುದ್ರೆಯ ಅಚ್ಚನ್ನೇ ಕಳಿಸಿದೆ. ಬಟ್ಟು ಬರುವ ಬದಲು ಮುದ್ರೆ ಹೋಯಿತು. ಪ್ರತಿಯೊಬ್ಬ ಕಮ್ಮಾರನೂ ತನ್ನ ಕೈಗೆ ಬಂದ ಬಟ್ಟು ಬೋಳು ಎಂದೇ ನಂಬಿದ. ಪ್ರತಿಯೊಬ್ಬನೂ ಒಳ್ಳೆಯವನು. ಪ್ರತಿಯೊಬ್ಬನೂ ತನ್ನ ಊರಿನ ಮಾನ ಉಳಿಯಲೆಂದು ಒಂದಿಷ್ಟು ಸೀಸ ಹೆಚ್ಚಿಗೆ ಹುಯ್ದ. ಲಾದ್ರುವಿನದು ಇಪ್ಪತ್ತು ಗ್ರಾಂ, ಮುಂದಿನವನದು ಮೂವತ್ತು, ಅದರ ಮುಂದಿನವನದು ಮೂವತ್ತೈದು. ನಾಲ್ಕನೆಯ ಕೈ ತೆಂಕುಕುದ್ರುವಿನದು, ಅವನು ಎಲ್ಲರಿಗಿಂತ ಧಾರಾಳಿ. ಆ ಕುದ್ರುವಿನ ಒಂದು ಕಿಲೋ ಒಂದು ಸಾವಿರದ ನೂರ ಮೂವತ್ತು ಗ್ರಾಂ ತೂಗುತ್ತಿತ್ತು. ಅದರ ಬೆನ್ನ ಮೇಲೆ ಗಣರಾಜ್ಯದ ಮುದ್ರೆ ಇತ್ತು. ಜನ ನೆಮ್ಮದಿಯಾಗಿದ್ದರು, ಇಷ್ಟು ವರ್ಷದಲ್ಲಿ ಇಂಥ ಸರಕಾರಿ ಕೆಲಸ ಆಗಿರಲಿಲ್ಲ ಎಂದು ಹೊಗಳಿದರು.

ತೆಂಕುಕುದ್ರುವಿನ ಆಸ್ಪತ್ರೆಯಲ್ಲಿ ಮದ್ದು ಬೆರೆಸುವ ಕೆಲಸ ಐತಪ್ಪನದು. ಆಗ ಅವನಿಗೆ ಮೂವತ್ತಾರು ವರ್ಷ. ಮೂತ್ರಪಿಂಡ ಕೈಕೊಟ್ಟವರ ರಕ್ತ ತೊಳೆಯುವ ಯಂತ್ರ ಅಲ್ಲಿತ್ತು. ಅದಕ್ಕೆ ಬೇಕಾದ ಲವಣದ ನೀರು ದೊಡ್ಡನೆಲದಿಂದ ಬರುವುದು ನಿಂತ ಮೇಲೆ, ಲವಣಗಳನ್ನು ತೂಗಿ ನೀರಿಗೆ ಬೆರೆಸುವುದನ್ನು ಐತಪ್ಪನೇ ಮಾಡುತ್ತಿದ್ದ. ಆಸ್ಪತ್ರೆಗಳಿಗೆಂದು ನಾವು ಕೊಟ್ಟಿದ್ದ ಬಟ್ಟುಗಳು ಬೇರೆ, ಅವು ತಾಯಿತೂಕದ ನೇರ ಮಗಳು. ತೊಂಬತ್ತಾರರಲ್ಲಿ ಕಡಲು ಉಕ್ಕಿದಾಗ ಆ ಪೆಟ್ಟಿಗೆ ನೀರುಪಾಲಾಯಿತು. ಐತಪ್ಪ ನನಗೆ ಮೂರು ಸಲ ಕಾಗದ ಬರೆದ, ಹೊಸ ಬಟ್ಟು ಕಳಿಸಿ ಎಂದು. ಮಾನ್ಯತೆಯ ತನಿಖಾ ಸಮಿತಿ ಬರುವ ಗಡಿಬಿಡಿಯಲ್ಲಿದ್ದ ನಾನು ಎರಡು ಸಾಲು ಬರೆದು ಕೈ ತೊಳೆದುಕೊಂಡೆ. ಗಣರಾಜ್ಯದ ಮುದ್ರೆ ಇರುವ ಯಾವ ಬಟ್ಟನ್ನಾದರೂ ಬಳಸಬಹುದು ಎಂದೆ. ಅವನು ಸಂತೆಕಟ್ಟೆಗೆ ಹೋಗಿ ಒಂದು ಕಿಲೋ ಬಟ್ಟು ತಂದ. ತಂದವನು ಅದನ್ನು ಬಟ್ಟೆಯಲ್ಲಿ ಒರೆಸಿ, ಮುದ್ರೆಯನ್ನು ಡಾಕ್ಟರಿಗೆ ತೋರಿಸಿಯೇ ಬಳಸಿದ.

ಬೆರೆಸಿದ ನೀರು ಸರಿಯಿದೆಯೇ ಎಂದು ನೋಡಲು ನಮ್ಮಲ್ಲಿ ಉಪ್ಪುಗಣ್ಣು ಇದೆ. ಅದು ನೀರಿನಲ್ಲಿ ಅದ್ದಿದರೆ ಉಪ್ಪಿನ ಪ್ರಮಾಣ ತೋರಿಸುವ ಕಡ್ಡಿ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಆದರೆ ಉಪ್ಪುಗಣ್ಣನ್ನೂ ತಿಂಗಳಿಗೊಮ್ಮೆ ತಾಳೆ ನೋಡಬೇಕು. ಅದಕ್ಕೆ ಲೆಕ್ಕದಷ್ಟು ಉಪ್ಪು ತೂಗಿ ಮಾದರಿ ನೀರು ಮಾಡಿ, ಇದೇ ಸರಿ ಎಂದು ಕಡ್ಡಿಗೆ ಕಲಿಸಬೇಕು. ಐತಪ್ಪ ನಿಯಮದ ಪ್ರಕಾರ ಅದನ್ನೂ ಮಾಡಿದ, ಅದೇ ಬಟ್ಟಿನಿಂದ. ಹೀಗೆ ತಪ್ಪೂ ತಪ್ಪನ್ನು ಹಿಡಿಯಬೇಕಾದ ಸಾಧನವೂ ಒಂದೇ ಮಾತು ಹೇಳತೊಡಗಿದವು.

ಅಕ್ಕನ ಮೂತ್ರಪಿಂಡ ಹೋಗಿ ಎರಡು ವರ್ಷವಾಗಿತ್ತು. ವಾರಕ್ಕೆ ಎರಡು ಸಲ ಆ ಯಂತ್ರದ ಪಕ್ಕ ಮಲಗುತ್ತಿದ್ದಳು. ಸಮಿತಿ ಬರುವ ಮೊದಲು ರಜೆ ಹಾಕಿ ನಾನು ಅವಳ ಜೊತೆ ಇದ್ದೆ. ಮೊದಲ ದಿನ ಬೆಳಿಗ್ಗೆ ಮಂಚ ಹತ್ತುವ ಮೊದಲು ಅವಳು ಲವಣದ ನೀರಿನ ತೊಟ್ಟಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡಳು. “ಕಮಲ, ಇದರಲ್ಲಿ ಉಪ್ಪು ಏರಿದೆ. ಹೋದ ತಿಂಗಳು ಹೀಗೆ ಇರ್ಲಿಲ್ಲ. ಒಮ್ಮೆ ನೋಡು ಮಾರಾಯ್ತಿ,” ಎಂದಳು. ನಾನು ಉಪ್ಪುಗಣ್ಣು ತರಿಸಿ ಅದ್ದಿದೆ. ಹಸಿರು ಬಂತು. ಮತ್ತೊಮ್ಮೆ ಅದ್ದಿದೆ, ಹಸಿರೇ. ಆಗ ನಾನು ಅಲ್ಲಿದ್ದವರೆಲ್ಲ ಕೇಳುವಂತೆ, “ನಿನ್ನ ನಾಲಗೆಯನ್ನು ತಾಳೆ ನೋಡಿದವರು ಯಾರಕ್ಕಾ? ಅದಕ್ಕೆ ಮುದ್ರೆ ಎಲ್ಲುಂಟು?” ಎಂದೆ. ದಾದಿ ನಕ್ಕಳು, ಐತಪ್ಪ ನಕ್ಕ, ಪಕ್ಕದ ಮಂಚದವರು ನಕ್ಕರು. ಅಕ್ಕನೂ ನಕ್ಕಳು. ತಂಗಿ ದೊಡ್ಡ ಅಧಿಕಾರಿ, ಅವಳ ಮಾತಿಗೆ ನಕ್ಕರೆ ಅವಳಿಗೆ ಶೋಭೆ ಎಂದುಕೊಂಡಿರಬೇಕು.

ಆಮೇಲಿನ ದಿನಗಳಲ್ಲಿ ಅವಳಿಗೆ ಬಾಯಾರಿಕೆ ಶುರುವಾಯಿತು. ಮೂತ್ರಪಿಂಡ ಹೋದವರು ಹೆಚ್ಚು ನೀರು ಕುಡಿಯಬಾರದು, ಅಳೆದು ಕುಡಿಯಬೇಕು. ನಾನು ಅಳೆದು ಕೊಟ್ಟೆ. ಮೊದಲು ಕೇಳಿದಳು, ಆಮೇಲೆ ಬೇಡಿದಳು, ಆಮೇಲೆ ನಾನಿಲ್ಲದಾಗ ಕೈತೊಳೆಯುವ ಪಾತ್ರೆಗೆ ಬಾಯಿ ಹಾಕಿದಳು. ನಾನು ಗದರಿದೆ. ಸಾಕಿದವಳನ್ನು, ಐವತ್ತೆಂಟು ವರ್ಷದ ಹೆಂಗಸನ್ನು, ಎಲ್ಲರೆದುರು ಗದರಿದೆ. ಒಂಬತ್ತನೆಯ ದಿನ ಸೆಳವು ಬಂದು ಹೋದಳು. ಇಪ್ಪತ್ತು ದಿನದೊಳಗೆ ಇನ್ನೂ ಐದು ಜನ ಅದೇ ರೀತಿ ಹೋದರು. ಅವರೆಲ್ಲರೂ ಬಾಯಾರಿಕೆ ಎನ್ನುತ್ತಲೇ ಹೋದರು.

ಅಕ್ಕನ ಕರ್ಮಾಂತರ ಮುಗಿದ ಮರುದಿನ ನಾನು ಒಂದು ನೇರ ಮಗಳುತೂಕವನ್ನು ತರಿಸಿ ಐತಪ್ಪನ ಬಟ್ಟಿನ ಎದುರಿಗೆ ಇಟ್ಟೆ. ತಟ್ಟೆ ಧಡ್ಡೆಂದು ಕೆಳಗೆ ಹೋಯಿತು. ಸರಿಯಾಗಲು ನೂರ ಮೂವತ್ತು ಗ್ರಾಂ ಬೇಕಾಯಿತು. ಮದ್ದುಕೋಣೆಯಲ್ಲಿ ಆಗ ನಾನೊಬ್ಬಳೇ ಇದ್ದೆ. ಕೂತುಕೊಳ್ಳಲು ಕುರ್ಚಿ ಇರಲಿಲ್ಲ, ನೆಲದ ಮೇಲೆ ಕೂತೆ.

ನಡುಕುದ್ರುವಿಗೆ ಬಂದು ಮಂತ್ರಿ ಸಾಲಿಯಾನರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಕಣ್ಣು ಒರೆಸಿಕೊಂಡರು. ಆಮೇಲೆ, “ಸಮಿತಿ ಬರ್ಲಿಕ್ಕೆ ಎಂಟು ದಿನ ಉಂಟು. ಸರಪಳಿ ತುಂಡಾಗಿದೆ ಹೇಳಿದ್ರೆ ಈ ಊರಿನ ಒಂದು ಮೀನೂ ಹೊರಗೆ ಹೋಗುದಿಲ್ಲ. ಸತ್ತವರು ಬರುದಿಲ್ಲ, ಇದ್ದವರು ಉಣ್ಬೇಕಲ್ಲ ಕಮಲಾಕ್ಷಿಯವ್ರೆ,” ಎಂದರು. ಸಂತೆಗಳಿಂದ ಬಟ್ಟುಗಳನ್ನೆಲ್ಲ ಸವೆತದ ನೆಪ ಹೇಳಿ ಹಿಂದೆ ತರಿಸಿ ಆಳದ ಕಡಲಿಗೆ ಸುರಿದರು. ಹೊಸವು ಬಂದವು, ಈ ಸಲ ಬೋಳು. ಆರು ಸಾವುಗಳಿಗೆ ಬಿಸಿಲಜ್ವರ ಎಂದು ಬರೆದರು. ತಾಯಿತೂಕದಿಂದ ಸಂತೆಯವರೆಗೆ ಸರಪಳಿ ಎಂದೂ ತುಂಡಾಗಿಲ್ಲ ಎಂಬ ಪ್ರಮಾಣಪತ್ರಕ್ಕೆ ನಾನು ಸಹಿ ಮಾಡಿದೆ. ಅದರ ಕೆಳಗೂ ಅನುಮಾನದಂಚಿನ ಸಾಲು ಇತ್ತು. ಅದರಲ್ಲಿ ಬಹಳ ಚಿಕ್ಕ ಅಂಕಿ ಬರೆದೆ.

ಮಾನ್ಯತೆ ಬಂತು. ನಮ್ಮ ಮೀನು ಈಗ ದೂರದ ಊರುಗಳಿಗೆ ಹೋಗುತ್ತದೆ. ಅಳತೆಮನೆಗೆ ಕಲ್ಲಿನ ಕಟ್ಟಡವಾಗಿದೆ, ಮೊಗಸಾಲೆಯಲ್ಲಿ ನನ್ನ ಪಟ ಇದೆ. ಶಾಲೆಯ ಮಕ್ಕಳು ಸಾಲಾಗಿ ಬಂದು ಗಾಜಿನ ಆಚೆಯಿಂದ ತಾಯಿತೂಕವನ್ನು ನೋಡಿ, ಪ್ರಾಮಾಣಿಕತೆಯ ಮೇಲೆ ಪ್ರಬಂಧ ಬರೆಯುತ್ತಾರೆ. ಚೆನ್ನಾಗಿ ಬರೆದವರಿಗೆ ನನ್ನ ಕೈಯಿಂದ ಬಹುಮಾನ ಕೊಡಿಸುತ್ತಾರೆ. ಇಪ್ಪತ್ತೆರಡು ಸಲ ಕೊಟ್ಟಿದ್ದೇನೆ.

ಐತಪ್ಪನನ್ನು ಯಾರೂ ಶಿಕ್ಷಿಸಲಿಲ್ಲ. ಬಿಸಿಲಜ್ವರಕ್ಕೆ ಯಾರನ್ನು ಶಿಕ್ಷಿಸುತ್ತಾರೆ? ಆದರೆ ಊರು ಸಣ್ಣದು, ಆರು ಜನರೂ ಅದೇ ಯಂತ್ರದ ಪಕ್ಕ ಮಲಗಿದವರು, ನೀರು ಬೆರೆಸಿದವನು ಅವನು. ಅವನೇ ಕೆಲಸ ಬಿಟ್ಟ. ಈಗ ದಕ್ಕೆಯಲ್ಲಿ ದೋಣಿಗಳ ನೀರು ಚೆಲ್ಲುತ್ತಾನೆ. ತಕ್ಕಡಿ ಇರುವ ಅಂಗಡಿಯ ಒಳಗೆ ಹೋಗುವುದಿಲ್ಲ, ತನ್ನ ಚಹಾಕ್ಕೆ ಸಕ್ಕರೆಯನ್ನೂ ತಾನು ಹಾಕಿಕೊಳ್ಳುವುದಿಲ್ಲ, ಹೆಂಡತಿ ಹಾಕಬೇಕು. ವರ್ಷಕ್ಕೊಮ್ಮೆ, ಅಕ್ಕ ತೀರಿಹೋದ ವಾರದಲ್ಲಿ, ಅವನು ಅಳತೆಮನೆಗೆ ಬರುತ್ತಾನೆ. ನನ್ನ ಎರಡು ಸಾಲಿನ ಕಾಗದವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ತಂದಿರುತ್ತಾನೆ, ತಾನು ಮುದ್ರೆಯ ಬಟ್ಟನ್ನೇ ಬಳಸಿದ್ದೇನೆಂದು ತೋರಿಸಲು. ಅದು ನನ್ನ ತಪ್ಪಿಗೆ ಸಾಕ್ಷಿಯೆಂದು ಅವನಿಗೆ ಇವತ್ತಿನವರೆಗೆ ಹೊಳೆದಿಲ್ಲ, ಮುದ್ರೆಯ ಮೇಲೆ ಅವನಿಗೆ ಅಷ್ಟು ನಂಬಿಕೆ. ಕುರ್ಚಿ ಕೊಟ್ಟರೂ ಕೂರುವುದಿಲ್ಲ. “ಅಮ್ಮಾ, ಇನ್ನೊಮ್ಮೆ ನೋಡಿ ಹೇಳಿ. ನಾನು ತೂಗಿದ್ದು ಹೆಚ್ಚಾಗಿತ್ತಾ? ಅಥವಾ ಎಣಿಸುವಾಗ ಒಂದು ಸಲ ಹೆಚ್ಚಿಗೆ ಹಾಕಿದ್ದೆನಾ?” ಎಂದು ಕೇಳುತ್ತಾನೆ. ದಾಖಲೆಯಲ್ಲಿ ಏನೂ ಇಲ್ಲ ಐತಪ್ಪ, ಎನ್ನುತ್ತೇನೆ. ಅದು ಸುಳ್ಳಲ್ಲ. ದಾಖಲೆ ತೆಗೆದುಹಾಕಿದವಳು ನಾನು.

ಈ ವರ್ಷ ಆಟಿ ಹಿಡಿಯುವ ಮೊದಲು ಬಂದಾಗ, ಇದು ಕೊನೆಯ ಸಲ, ನೀವು ನಿವೃತ್ತರಾಗ್ತೀರಂತಲ್ಲ, ಇನ್ನು ಯಾರನ್ನು ಕೇಳುದು ಎಂದ. ಅವನು ಕೈ ಮುಗಿದು, ನನಗೆ ಆರೋಗ್ಯ ಬಯಸಿ ಹೋದ.

ಹಿಂದಿನವರೇ, ಕೃತಜ್ಞತೆಯ ನಾಲ್ಕು ಸಾಲು ನಿಮಗೆ ಬರೆಯಲಾರೆ. ನೀವು ನಮಗೆ ಬಿಟ್ಟುಹೋದದ್ದು ಮುಳುಗಿದ ಗದ್ದೆಗಳು ಮತ್ತು ಒಂದು ಒಳ್ಳೆಯ ಗುಣ. ಆ ಗುಣವನ್ನು ನಾವು ಕಾನೂನಿನಿಂದ ನಿಲ್ಲಿಸಿದೆವು, ಅದು ಸೀಸದ ಒಳಗೆ ಹೋಗಿ ಕೂತಿತು. ಕೊಸರು ಕೈಯಲ್ಲೇ ಇದ್ದಿದ್ದರೆ ಅದು ಎಲ್ಲರ ಕಣ್ಣಿಗೆ ಕಾಣುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ನಿಮ್ಮಲ್ಲಿ ಯಾರಾದರೂ ಒಂದು ದೇಶದ ಅಳತೆ ಕಟ್ಟಲು ಹೊರಟಿದ್ದರೆ ಕೇಳಿಸಿಕೊಳ್ಳಿ. ಕಟ್ಟಡ ಆಮೇಲೆ ಕಟ್ಟಿ, ಮುದ್ರೆ ಆಮೇಲೆ ಕೆತ್ತಿ. ತಪ್ಪಾಗಿದೆ ಎಂದು ಹೇಳಬಲ್ಲ ಒಬ್ಬಳು ಮೀನು ಮಾರುವವಳು ಇದ್ದರೆ ಅವಳ ಮಾತು ಮುಗಿಯುವವರೆಗೆ ಸುಮ್ಮನಿರಲು ಮೊದಲು ಕಲಿಯಿರಿ. ನನಗೆ ಅದು ಬರಲಿಲ್ಲ. ಅಕ್ಕನನ್ನು ಕೊಂದವಳು ನಾನು. ಇದನ್ನು ಬೇರೆ ರೀತಿಯಲ್ಲಿ ಬರೆಯಲು ನೋಡಿದೆ, ಆಗಲಿಲ್ಲ.

ಇಷ್ಟು ಬರೆದ ಮೇಲೆ ನಿಮಗೆ ಒಂದು ವಿಷಯ ತಿಳಿಸಬೇಕು. ಈ ಕಾಗದ ನಿಮಗೆ ಬರುವುದಿಲ್ಲ. ನಾಳೆ ನನ್ನ ಹೆಸರಿನಲ್ಲಿ ಕಡಲಿಗೆ ಬೀಳುವ ಜಾಡಿ ಖಾಲಿ ಇರುತ್ತದೆ. ಕಡೇ ಸಹಿ ಹಾಕಬೇಕಾದ ನಾಳೆ ಮಧ್ಯಾಹ್ನದವರೆಗೆ ಅಳತೆಮನೆಯ ಮುದ್ರೆ ನನ್ನ ಕೈಯಲ್ಲಿದೆ. ಅದನ್ನು ಈ ಕಾಗದದ ಪ್ರತಿ ಹಾಳೆಯ ಕೆಳಗೂ ಒತ್ತಿದ್ದೇನೆ, ಹೀಗಾಗಿ ಇದು ಈಗ ಮುದುಕಿಯ ಗೋಳಲ್ಲ, ಗಣರಾಜ್ಯದ ಪ್ರಮಾಣಪತ್ರ. ಒಂದು ಪ್ರತಿ ದೊಡ್ಡನೆಲದ ಸಮಿತಿಗೆ ಹೋಗುತ್ತದೆ. ಮಾನ್ಯತೆ ಹೋಗಬಹುದು, ದಕ್ಕೆಯಲ್ಲಿ ಮತ್ತೆ ಪೆಟ್ಟಿಗೆಗಳು ವಾಪಸು ಬರಬಹುದು. ಜನ ನನ್ನ ಪಟ ಕಿತ್ತು ಮನೆಯ ಮೇಲೆ ಕಲ್ಲು ಹೊಡೆಯಬಹುದು. ಸಾಲಿಯಾನರು ಬದುಕಿಲ್ಲ, ಬೈಸಿಕೊಳ್ಳಲು ನಾನೊಬ್ಬಳೇ ಉಳಿದಿದ್ದೇನೆ. ಮೂಲಪ್ರತಿಯನ್ನು ತೆಗೆದುಕೊಂಡು ನಾಳೆ ಮೊದಲ ದೋಣಿಗೆ ನಾನು ತೆಂಕುಕುದ್ರುವಿಗೆ, ಐತಪ್ಪನ ಮನೆಗೆ ಹೋಗುತ್ತೇನೆ. ಓದಿದ ಮೇಲೆ ಅವನು ನನ್ನನ್ನು ಏನು ಮಾಡಿದರೂ ಸರಿ. ಇಪ್ಪತ್ತೆರಡು ವರ್ಷ ತಡವಾಗಿ ಬಂದವಳಿಗೆ ಯಾರೂ ಚಹಾ ಕೊಡಬೇಕಾಗಿಲ್ಲ.

ನಿಮ್ಮ ಕಡೆ ತಿರುಗಿ ಬರೆದದ್ದು ಸಾಕು. ಇನ್ನೆರಡು ಸಾಲು ಅವನಿಗೆ.

ಐತಪ್ಪ, ನೀನು ಎಣಿಸಿದ್ದು ಸರಿಯಾಗಿತ್ತು, ತೂಗಿದ್ದು ಸರಿಯಾಗಿತ್ತು. ನನ್ನ ಕಿಲೋ ತಪ್ಪಾಗಿತ್ತು, ಅದು ನನಗೆ ಮೊದಲ ವರ್ಷದಿಂದ ಗೊತ್ತಿತ್ತು.

ಕಮಲಾಕ್ಷಿ ಕುಂದರ್
ಮುಖ್ಯಸ್ಥೆ, ರಾಷ್ಟ್ರೀಯ ಅಳತೆಮನೆ
(ನಾಳೆ ಮಧ್ಯಾಹ್ನದವರೆಗೆ)